ಎದುರಿನ ಲಾರಿಯ ಕೆಂಪು ದೀಪ

ಬ್ರೇಕ್ ತುಳಿಯುವವನಿಗೆ ತನ್ನ ಲಾರಿಯ ಬ್ರೇಕ್ ದೀಪ ಕಾಣುವುದಿಲ್ಲ. ಅದು ಕಾಣುವುದು ಹಿಂದಿನವನಿಗೆ. ಗಂಗೊಳ್ಳಿ ಬಂದರಿನ ಮೀನಿನ ಲಾರಿಯವರು ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಹೊರಡುವ ಮುಂಚೆ ಪ್ರತಿ ಚಾಲಕನೂ ಇಳಿದು ತನ್ನ ಎದುರಿನ ಲಾರಿಯ ಬೆನ್ನಿಗೆ ಹೋಗಿ ನಿಲ್ಲಬೇಕು. ಎದುರಿನವನು ಬ್ರೇಕ್ ತುಳಿದು “ಹತ್ತಿತಾ?” ಎಂದು ಕೂಗಬೇಕು. ಇವನು ಎರಡೂ ದೀಪ ನೋಡಿ “ಹತ್ತಿತ್!” ಎಂದು ಹೇಳಬೇಕು. ಆ ಕೂಗು ಕೇಳದೆ ಸಾಲು ಹೊರಡುವಂತಿರಲಿಲ್ಲ.

೧೯೯೭ರಲ್ಲಿ ನಾನು ಕುಂದಾಪುರದಲ್ಲಿ ಒಂದು ದಿನಪತ್ರಿಕೆಯ ತಾಲೂಕು ವರದಿಗಾರನಾಗಿ ಸೇರಿದೆ. ಸುದ್ದಿ ಮತ್ತು ಫೋಟೊದ ಕವರನ್ನು ಸಂಜೆಯ ಬಸ್ಸಿನಲ್ಲಿ ಮಂಗಳೂರಿನ ಕಚೇರಿಗೆ ಕಳಿಸುವುದು ಆಗಿನ ಕ್ರಮ. ಬಸ್ಸು ತಪ್ಪಿದ ದಿನ ನಾನು ಸ್ಕೂಟರ್ ಹತ್ತಿ ಬಂದರಿಗೆ ಹೋಗುತ್ತಿದ್ದೆ. ಹೆಂಡತಿಯ ಅಣ್ಣ ಅಲ್ಲಿ ಸ್ವಂತ ಲಾರಿಯಲ್ಲಿ ಕೇರಳದ ಮಾರುಕಟ್ಟೆಗಳಿಗೆ ಮೀನು ಸಾಗಿಸುತ್ತಿದ್ದ. ನಾನು ಅವನನ್ನು ಭಾವ ಎನ್ನುತ್ತಿದ್ದೆ, ಅವನು ನನ್ನನ್ನು ಭಾವಯ್ಯ ಎನ್ನುತ್ತಿದ್ದ. ನನ್ನ ಕವರ್ ಅವನ ಸೀಟಿನ ಹಿಂದೆ, ದೇವರ ಪಟದ ಕೆಳಗೆ ಕೂತು ಮಂಗಳೂರು ತಲುಪುತ್ತಿತ್ತು. ಮರುದಿನದ ಪತ್ರಿಕೆಯಲ್ಲಿ ಬರುವ ಸುದ್ದಿಗೆ ಬಂಗುಡೆಯ ವಾಸನೆ ಇರುತ್ತದೆ ಎಂದು ಕಚೇರಿಯವರು ದೂರುತ್ತಿದ್ದರು.

ಲಾರಿಗಳು ಒಂದರ ಹಿಂದೊಂದು ಅಂಟಿಕೊಂಡೇ ಹೋಗುತ್ತಿದ್ದವು. ಒಂದು ಕೆಟ್ಟರೆ ಅದರ ಮೀನನ್ನು ಉಳಿದವು ಹಂಚಿಕೊಳ್ಳಬೇಕು. ಮಾರುಕಟ್ಟೆಗೆ ಎಲ್ಲ ಒಟ್ಟಿಗೇ ಮುಟ್ಟಬೇಕು. ಆಗಿನ ಹೆದ್ದಾರಿ ಎರಡು ವಾಹನ ಕಷ್ಟದಲ್ಲಿ ದಾಟುವಷ್ಟು ಅಗಲ. ಸಾಲಿನ ನಡುವೆ ಎಡೆ, ಅಂದರೆ ಜಾಗ, ಬಿಟ್ಟರೆ ಬಸ್ಸುಗಳು ನುಗ್ಗುತ್ತಿದ್ದವು. ಸಾಲಿನ ತಲೆಯಲ್ಲಿರುತ್ತಿದ್ದವನು ಭಾವ. ಹಿಂದೆ ಬೀಳುವವರನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. ಸಾಲಿಗ್ರಾಮದ ಚಹಾದ ಅಂಗಡಿಯೆದುರು ಎಲ್ಲರೂ ನಿಂತಾಗ ಅವನ ವಿಚಾರಣೆ ನಡೆಯುತ್ತಿತ್ತು: “ಇವತ್ತ್ ಎಡಿ ಬಿಟ್ಟವ ಯಾರಾ? ಯಾರಿಗ್ ಸೀರಿ ಉಡ್ಸುಕಿತ್ತ್?”

ಎರಡನೆಯ ಲಾರಿಯ ಚಾಲಕ ಅವನಿಗಿಂತ ಚಿಕ್ಕವ, ಅವನ ಕೈಯಲ್ಲೇ ಲಾರಿ ಕಲಿತವ. ಭಾವನನ್ನು ಅಣ್ಣಯ್ಯ ಎಂದು ಕರೆಯುತ್ತಿದ್ದ. ಅವನಿಗೆ ಮಾತ್ರ ಸೀರೆಯ ಹೆದರಿಕೆ ಇರಲಿಲ್ಲ, ಏಕೆಂದರೆ ಅವನು ಎಂದೂ ಎಡೆ ಬಿಟ್ಟವನಲ್ಲ. ಭಾವನ ಲಾರಿಯ ಹಿಂಬದಿಯ ಕೆಂಪು ದೀಪವೇ ಅವನಿಗೆ ರಸ್ತೆ.

ಮೀನಿನ ಲಾರಿಯಲ್ಲಿ ಆ ದೀಪ ಬಾಳುವುದು ಕಷ್ಟ. ಐಸು ಕರಗಿ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ವೈರಿನ ಗಂಟುಗಳನ್ನು ತಿಂದುಹಾಕುತ್ತಿತ್ತು. ಇಂದು ಹತ್ತಿದ ದೀಪ ನಾಳೆ ಹತ್ತುತ್ತದೆಂಬ ನಂಬಿಕೆ ಇರಲಿಲ್ಲ. ಆ ಕೂಗಿನ ಪದ್ಧತಿ ಹುಟ್ಟಿದ್ದೂ ಅದಕ್ಕೇ.

ಹೊಸ ಶತಮಾನದ ಮೊದಲ ವರ್ಷಗಳು. ಬಂಗುಡೆ ಹೇರಳವಾಗಿ ಬಿದ್ದ ಒಂದು ಸಂಜೆ ನಾನು ಕವರ್ ಹಿಡಿದು ಬಂದರಿಗೆ ಹೋದೆ. ಲಾರಿಗಳು ತುಂಬಿ ನಿಂತಿದ್ದವು. ಭಾವ ಕ್ಯಾಬಿನ್ನಿನಲ್ಲಿ ಕೂತು ಬ್ರೇಕ್ ತುಳಿದ.

“ಹತ್ತಿತಾ?”

“ಇಲ್ಲೆ ಅಣ್ಣಯ್ಯ. ಎರಡೂ ಹತ್ಲಿಲ್ಲೆ.”

“ಸಮಾ ಕಾಣ್ ಮಾರಾಯ!”

“ಕಂಡೆ. ಕಪ್ಪಂದ್ರೆ ಕಪ್ಪ್. ನಿಮ್ ಬಂಗ್ಡಿ ಕಣ್ಣ್ ಇದ್ಕಿಂತ ಹೊಳಿತ್ತ್.”

ಸುತ್ತ ಇದ್ದವರು ನಕ್ಕರು. ವೈರಿನ ಕೆಲಸ ಮಾಡುವವನು ಯಾರದೋ ಮದುವೆಗೆಂದು ಬೈಂದೂರಿಗೆ ಹೋಗಿದ್ದ. ಅವನನ್ನು ಕಾಯುವಂತಿರಲಿಲ್ಲ. ಭಾವ ಕಿಟಕಿಯಿಂದ ತಲೆ ಹೊರಹಾಕಿದ.

“ಸಾಲಿಗ್ರಾಮದಗ್ ಚಾ ಕುಡುಕ್ ನಿಲ್ತ್ ಅಲ್ದಾ, ಅಲ್ಲ್ ಕಾಂಬ. ಅಲ್ಲಿವರಿಗ್ ಬ್ರೇಕ್ ಒತ್ತುಕ್ ಮುಂಚೆ ಕೈ ಹೊರಗ್ ಹಾಕ್ತೆ. ನೀ ನನ್ ಕೈ ಕಾಣ್.”

“ಬರಿ ಕೈ ಎಲ್ಲ್ ಕಾಂತ್? ಬಳಿ ಹಾಯ್ಕಣಿ ಅಣ್ಣಯ್ಯ, ಲಾಯ್ಕ್ ಕಾಂತ್!”

ಸೀರೆಗೆ ಬಳೆಯ ಉತ್ತರ ಸಿಕ್ಕಿದ್ದಕ್ಕೆ ನಗು ಇನ್ನಷ್ಟು ಏರಿತು. ಭಾವನೂ ನಕ್ಕ. ಅಷ್ಟರಲ್ಲಿ ಹಿಂದಿನ ಲಾರಿಗಳು ಹಾರ್ನ್ ಹೊಡೆಯಲು ಶುರುಮಾಡಿದವು. ಕೂಗು ಕೇಳದೆ ಅವು ಹೊರಡುವಂತಿಲ್ಲ. ಎರಡನೆಯ ಲಾರಿಯ ಚಾಲಕ ಹಿಂದಕ್ಕೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ಬಂದರಿಗೇ ಕೇಳುವಂತೆ ಕೂಗಿದ: “ಹತ್ತಿತ್!”

ಅದು ಸುಳ್ಳೆಂದು ಅಲ್ಲಿ ನಿಂತ ನಮಗೆಲ್ಲ ಗೊತ್ತಿತ್ತು. ನಾನೂ ನಗುತ್ತಿದ್ದೆ. ಕವರನ್ನು ಭಾವನ ಕೈಗೆ ಕೊಟ್ಟು ಮನೆಗೆ ಹೊರಟೆ.

ತೆಕ್ಕಟ್ಟೆಯ ಹತ್ತಿರ ಒಬ್ಬ ಸೈಕಲ್ ಸವಾರ ಅಡ್ಡರಸ್ತೆಯಿಂದ ಹೆದ್ದಾರಿಗೆ ಬಂದ. ಭಾವ ಬ್ರೇಕ್ ತುಳಿದ. ಕೈ ಹೊರಗೆ ಹಾಕಲಾಗಲಿಲ್ಲ, ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಸೈಕಲ್ಲಿನವ ಉಳಿದ. ಎರಡನೆಯ ಲಾರಿ ಭಾವನ ಲಾರಿಯ ಬೆನ್ನಿಗೆ ಹೊಡೆಯಿತು. ಮೂರನೆಯ ಲಾರಿ ಸರಿಯಾಗಿ ನಿಂತಿತು, ಏಕೆಂದರೆ ಅದರ ಎದುರಿನ ಲಾರಿಯ ದೀಪಗಳು ಹತ್ತಿದ್ದವು.

ಸುದ್ದಿ ತಿಳಿದು ನಾನು ತಲುಪುವಾಗ ಬಂಗುಡೆ ಮತ್ತು ಐಸು ರಸ್ತೆ ತುಂಬ ಚೆಲ್ಲಿತ್ತು. ಎರಡನೆಯ ಲಾರಿಯವನನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಅವನ ಎಡಪಾದ ಕ್ಲಚ್ಚಿಗೂ ಒಳನುಗ್ಗಿದ ತಗಡಿಗೂ ನಡುವೆ ಜಜ್ಜಿಹೋಗಿತ್ತು. ಭಾವ ತನ್ನ ಲಾರಿಯ ಹಿಂದೆ ನಿಂತು, ಒಡೆದ ದೀಪದ ಗಾಜನ್ನು ನೋಡುತ್ತಿದ್ದ. ಅದು ಮೊದಲೇ ಹತ್ತುತ್ತಿರಲಿಲ್ಲ ಎಂದು ಈಗ ಆ ಗಾಜು ನೋಡಿ ಯಾರಿಗೂ ತಿಳಿಯುವಂತಿರಲಿಲ್ಲ.

ಹಿಂದಿನಿಂದ ಬಂದು ಹೊಡೆದವನದೇ ತಪ್ಪು ಎಂಬುದು ರಸ್ತೆಯ ಲೆಕ್ಕ. ಪೊಲೀಸರು ಆಸ್ಪತ್ರೆಯಲ್ಲಿ ಕೇಳಿದಾಗ ಎರಡನೆಯ ಲಾರಿಯವನೂ ಅದನ್ನೇ ಹೇಳಿದ. ‘ಹಿಂದಿನ ಲಾರಿಯ ಚಾಲಕನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ ಎಂದು ಪೊಲೀಸರು ತಿಳಿಸಿದ್ದಾರೆ’ ಎಂದು ನನ್ನ ವರದಿ ಬಂತು. ಪೊಲೀಸರು ಹಾಗೆ ತಿಳಿಸಿದ್ದು ನಿಜ. ಆ ವಾಕ್ಯದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಇವತ್ತಿಗೂ ನನಗೆ ಅದು ಬಾಯಿಪಾಠ.

ನಂತರದ್ದು ನಾನು ಬೇರೆಲ್ಲೂ ಕಾಣದ ಜಗಳ. ಅಪಘಾತವಾದ ಮೇಲೆ ಜನ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದನ್ನು ವರದಿಗಾರನಾಗಿ ಎಷ್ಟೋ ಸಲ ಕೇಳಿದ್ದೇನೆ. ಇವರಿಬ್ಬರು ಅದನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಿದ್ದರು. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಭಾವ ನಿಂತಿದ್ದ.

“ಲೈಟ್ ನಂದ್. ಹೊರ್ಡುವ ಅಂದವ ನಾನ್. ಸ್ಟೇಷನ್ನಿಗ್ ಹೋಯಿ ಹೇಳ್ತೆ.”

“ಹೋಯ್ಬೇಡಿ. ಹತ್ತಿತ್ ಅಂದವ ನಾನ್. ಇಲ್ಲೆ ಅಂದಿದ್ರೆ ನೀವ್ ಹೊರ್ಡ್ತಿದ್ರ್ಯಾ?”

“ನೀ ಇಲ್ಲೆ ಅಂದಿದ್ದೆ ಮಾರಾಯ! ಮೊದ್ಲ್ ಅಂದಿದ್ದೆ!”

“ಮತ್ತೆ ಹತ್ತಿತ್ ಅಂದೆ ಅಲ್ದಾ? ಕಡೇಗ್ ಅಂದದ್ದೇ ಲೆಕ್ಕ.”

ಭಾವ ಠಾಣೆಗೂ ಹೋಗಿಬಂದ. ಗಾಯಗೊಂಡವನೇ ಒಪ್ಪಿದ್ದಾನಲ್ಲ ಎಂದು ಅಲ್ಲಿ ಅವನನ್ನು ಸಮಾಧಾನ ಮಾಡಿ ಕಳಿಸಿದರು. ಆ ಸಮಾಧಾನದಿಂದ ಅವನು ಇನ್ನಷ್ಟು ಕುಗ್ಗಿದ.

ಎಡಪಾದ ಮತ್ತೆ ಕ್ಲಚ್ಚು ತುಳಿಯುವಂತೆ ಆಗಲಿಲ್ಲ. ಭಾವ ಅವನಿಗೊಂದು ದಾರಿ ಹುಡುಕಿದ: ದಿನವೂ ಬಂದರಿಗೆ ಬಂದು ಎಲ್ಲ ಲಾರಿಗಳ ದೀಪ ನೋಡಿ ಕೂಗುವುದು, ಎಲ್ಲ ಚಾಲಕರೂ ಅದಕ್ಕೆ ಸಂಬಳ ಕೊಡುವುದು. ಅವನನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಅವನು ಊರುಗೋಲನ್ನು ಗೋಡೆಗೆ ಒರಗಿಸಿಟ್ಟ.

“ನಾನ್ ಹತ್ತಿತ್ ಅಂದ್ರೆ ಇನ್ ಯಾರ್ ನಂಬ್ತ್ರ್ ಅಣ್ಣಯ್ಯ?”

“ನಾನ್ ನಂಬ್ತೆ.”

“ನೀವ್ ನಂಬುಕಾಗ. ನಾನ್ ಸುಳ್ಳ್ ಕೂಗಿಯೇ ಹೀಂಗಾದ್ದ್.”

ಅವನು ಬೈಂದೂರಿಗೆ, ಹೆಂಡತಿಯ ಊರಿಗೆ ಹೋಗಿ ಸೋಡಾ ಶರಬತ್ತಿನ ಅಂಗಡಿ ಹಾಕಿಕೊಂಡ. ಬಂದರಿಗೆ ಮತ್ತೆ ಬರಲಿಲ್ಲ.

ಭಾವ ಲಾರಿ ಬಿಡಲಿಲ್ಲ, ಆದರೆ ಸಾಲಿನ ತಲೆ ಬಿಟ್ಟ. ಕಟ್ಟಕಡೆಯಲ್ಲಿ, ಎದುರಿನ ಲಾರಿಯಿಂದ ಇಡೀ ಬಸ್ಸು ನುಗ್ಗುವಷ್ಟು ಎಡೆ ಬಿಟ್ಟು ಹೋಗುತ್ತಿದ್ದ. ಸೀರೆಯ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಲಾರಿಗೆ ಒಂದೊಂದೇ ಸೇರಿಸತೊಡಗಿದ. ಹಿಂದಿನ ಆಕ್ಸಲಿನ ನಡುವಿನ ದುಂಡು ಉಬ್ಬಿಗೆ ಹಿಂದಿನವರಿಗೆ ಕಾಣುವಂತೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೆಳಕು ಬೀಳುವಂತೆ ಬಲ್ಬು ಕಟ್ಟಿದ. ಹಳೆಯ ಬೋಟಿನ ಕಬ್ಬಿಣ ತಂದು, ಹಿಂದಿನಿಂದ ಬಂದ ವಾಹನ ಅಡಿಗೆ ನುಗ್ಗದಂತೆ ಅಡ್ಡಪಟ್ಟಿ ಬೆಸೆಸಿದ. ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಸಿಗತೊಡಗಿದ ಮೇಲೆ ಹಿಂಬಾಗಿಲ ತುಂಬ ಅಂಟಿಸಿದ. “ಇದ್ ಮೀನಿನ್ ಲಾರಿಯೋ, ಮದಿ ದಿಬ್ಣದ್ ಬಸ್ಸೋ?” ಎಂದು ಬಂದರಿನವರು ಕೇಳುತ್ತಿದ್ದರು.

ಎಲ್ಲಕ್ಕಿಂತ ಅವನು ನೆಚ್ಚಿದ್ದು ಸ್ಟಿಯರಿಂಗಿನ ಪಕ್ಕ ಹಾಕಿಸಿದ ಒಂದು ಸಣ್ಣ ಕೆಂಪು ಬಲ್ಬನ್ನು. ಬ್ರೇಕ್ ತುಳಿದರೆ ಹಿಂದಿನ ದೀಪಕ್ಕೆ ಹೋಗುವ ಕರೆಂಟಿನಲ್ಲಿ ಅದೂ ಹತ್ತುತ್ತಿತ್ತು. ಅದಿದ್ದ ಮೇಲೆ ಯಾರನ್ನೂ ಕೇಳಬೇಕಿಲ್ಲ ಎನ್ನುತ್ತಿದ್ದ. ಸಾಲಿನ ಉಳಿದವರು ಕೂಗು ಹಾಕುವಾಗ ಇವನು ಬಲ್ಬು ನೋಡಿಕೊಂಡು ಸುಮ್ಮನೆ ಹೊರಡುತ್ತಿದ್ದ. ಲಾರಿ ಬದಲಿಸಿದಾಗಲೂ ಬಲ್ಬನ್ನೂ ಬೋಟಿನ ಕಬ್ಬಿಣದ ಅಡ್ಡಪಟ್ಟಿಯನ್ನೂ ಬಿಚ್ಚಿಸಿ ಹೊಸದಕ್ಕೆ ಹಾಕಿಸಿದ. ಆದರೂ ಅವನಿಗೆ ಬೇಕಾದದ್ದು ಬೇರೆ ಇತ್ತೆಂದು ನನ್ನ ಹೆಂಡತಿಗೆ ಗೊತ್ತಿತ್ತು. ಬೈಂದೂರಿನವ ಒಂದು ಸಲ ಬಂದು ತನ್ನ ಲಾರಿಯ ಹಿಂದೆ ನಿಲ್ಲಬೇಕು, ಅಷ್ಟೇ. ಅದನ್ನು ಬಾಯಿಬಿಟ್ಟು ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದ.

ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ ಕುಂಟುತ್ತ ಸಾಗಿದ್ದ ವರ್ಷಗಳಲ್ಲಿ, ಬ್ರಹ್ಮಾವರದ ಒಂದು ಸಭಾಂಗಣದಲ್ಲಿ ಲಾರಿ ಮಾಲೀಕರಿಗೆ ಸುರಕ್ಷತೆಯ ಬಗ್ಗೆ ಕಾರ್ಯಕ್ರಮ ನಡೆಯಿತು. ವರದಿಗೆಂದು ನನಗೆ ಆಮಂತ್ರಣ ಬಂದಿತ್ತು. ಭಾವನಿಗೂ ಬಂದಿತ್ತು.

“ಭಾವಯ್ಯ, ಬೈಂದೂರಿಗೊಂದ್ ಫೋನ್ ಮಾಡಿ. ನೀವ್ ಕರೆದ್ರೆ ಅಂವ ಬತ್ತ” ಎಂದ.

ಅವನು ಬಂದ. ಕುಂಟುತ್ತ ಬಂದು ಹಿಂದಿನ ಸಾಲಿನಲ್ಲಿ ಕೂತ. ಅವನಿಗೂ ಭಾವನಿಗೂ ನಡುವೆ ನನ್ನ ಕುರ್ಚಿ.

ವೇದಿಕೆಯ ಯುವಕ ಪರದೆಯ ಮೇಲೆ ವಿದೇಶದ ಹೆದ್ದಾರಿಯೊಂದನ್ನು ತೋರಿಸಿದ. ಲಾರಿಗಳು ನಮ್ಮ ಮೀನಿನ ಲಾರಿಗಳಂತೆಯೇ ಒತ್ತೊತ್ತಾಗಿ ಹೋಗುತ್ತಿದ್ದವು. ಎದುರಿನದು ಬ್ರೇಕ್ ಹಾಕಿದ ಸುದ್ದಿ ರೇಡಿಯೋ ಅಲೆಯಲ್ಲಿ ಹಿಂದಿನದಕ್ಕೆ ಮುಟ್ಟುತ್ತದೆ, ಚಾಲಕ ಕಾಲು ಎತ್ತುವ ಮೊದಲೇ ಹಿಂದಿನ ಲಾರಿ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ ಎಂದು ವಿವರಿಸಿದ. ಇನ್ನೂ ಪ್ರಯೋಗದಲ್ಲಿದೆ, ನಮ್ಮಲ್ಲಿಗೆ ಬರಲು ಕಾಲ ಬೇಕು ಎಂದೂ ಹೇಳಿದ. ಪ್ರಶ್ನೆಗಳಿವೆಯೇ ಎಂದಾಗ ಬೈಂದೂರಿನವ ಕೂತಲ್ಲಿಂದಲೇ ಕೈ ಎತ್ತಿದ.

“ಆ ಸುದ್ದಿ ಮುಟ್ಟದಿದ್ರೆ ಎಂತ ಮಾಡ್ತ್ ಅದ್?”

“ಒಳ್ಳೆ ಪ್ರಶ್ನೆ ಸರ್. ಎದುರಿನ ಲಾರಿಯ ಸಂಪರ್ಕ ತಪ್ಪಿದೆ ಅಂತ ಗೊತ್ತಾದ ತಕ್ಷಣ ಹಿಂದಿನದು ವೇಗ ಇಳಿಸಿ ಅಂತರ ಬಿಡುತ್ತೆ. ಸಾಲು ಬಿಡಿಸಿಕೊಳ್ಳುತ್ತೆ.”

“ಅಷ್ಟೆಯಾ?”

“ಅಷ್ಟೇ ಸರ್.”

ಅವನು ಪರದೆಯನ್ನೇ ನೋಡುತ್ತ ನನ್ನ ಆಚೆಗಿನ ಭಾವನಿಗೆ ಹೇಳಿದ: “ನಾನ್ ಮಾಡುಕಿದ್ದದ್ದ್ ಅಷ್ಟೇ ಅಣ್ಣಯ್ಯ. ಕೊಂಚ ಎಡಿ ಬಿಟ್ಟಿದ್ರೆ ಆತಿತ್ತ್.”

ಭಾವನ ದನಿ ಬಹಳ ತಗ್ಗಿತ್ತು. “ನೀ ಹ್ಯಾಂಗ್ ಬಿಡ್ತೆ? ಬಿಟ್ಟವ್ರಿಗ್ ಸೀರಿ ಉಡ್ಸ್ತೆ ಅಂದವ ನಾನಲ್ದಾ.”

ಇಷ್ಟು ವರ್ಷ ಇಬ್ಬರೂ ದೀಪದ ಬಗ್ಗೆ, ಕೂಗಿನ ಬಗ್ಗೆ ಜಗಳಾಡಿದ್ದರು. ಈ ಮಾತು ಅದುವರೆಗೆ ಯಾರ ಬಾಯಲ್ಲೂ ಬಂದಿರಲಿಲ್ಲ. ಬೈಂದೂರಿನವ ಅದಕ್ಕೆ ‘ಅಲ್ಲ’ ಎನ್ನಲಿಲ್ಲ. ಮೊದಲ ಬಾರಿಗೆ ಅವನು ಭಾವನ ಕೈಯಿಂದ ತಪ್ಪನ್ನು ಕಿತ್ತುಕೊಳ್ಳಲಿಲ್ಲ. ಭಾವ ಒಮ್ಮೆ ತಲೆ ಅಲ್ಲಾಡಿಸಿದ, ಏನನ್ನೋ ಪಡೆದುಕೊಂಡವನಂತೆ.

ಊಟ ಮುಗಿಸಿ ಹೊರಬಂದೆವು. ಭಾವನ ಖಾಲಿ ಲಾರಿ ಮೈದಾನದಲ್ಲಿ ನಿಂತಿತ್ತು. ಬೈಂದೂರಿನವರೆಗೂ ಬಿಟ್ಟುಬರುತ್ತೇನೆ ಎಂದ. ನಾನು ಹತ್ತಿ ನಡುವೆ ಕೂತೆ, ಭಾವ ಸ್ಟಿಯರಿಂಗಿನ ಎದುರು ಕೂತು ಎಂಜಿನ್ ಶುರುಮಾಡಿದ. ಬೈಂದೂರಿನವ ಎಡಬಾಗಿಲಿಗೆ ಬರಲೆಂದು ಲಾರಿಯ ಹಿಂದಿನಿಂದ ಸುತ್ತಿ ಬರುತ್ತಿದ್ದವನು ಬರಲೇ ಇಲ್ಲ. ಕನ್ನಡಿಯಲ್ಲಿ ಅವನ ಒಂದು ಭುಜ ಕಾಣುತ್ತಿತ್ತು. ಹಿಂದೆ ನಿಂತುಬಿಟ್ಟಿದ್ದ.

ಭಾವ ಕನ್ನಡಿ ನೋಡಿದ. ಬ್ರೇಕ್ ತುಳಿದ. ಸ್ಟಿಯರಿಂಗಿನ ಪಕ್ಕದ ಕೆಂಪು ಬಲ್ಬು ಹತ್ತಿತು. ಅದರ ಮೇಲೆ ಕಣ್ಣಿಟ್ಟುಕೊಂಡೇ ಅವನು ಕೇಳಿದ.

“ಹತ್ತಿತಾ?”

ಕನ್ನಡಿಯಲ್ಲಿ ಆ ಭುಜ ಮರೆಯಾಗಿ ಮತ್ತೆ ಕಾಣಿಸಿತು.

“ಬಲದ್ ಹತ್ತಿತ್. ಎಡದ್ ಇಲ್ಲೆ.”

ಭಾವ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ.

ಮಟಮಟ ಮಧ್ಯಾಹ್ನ. ಲಾರಿ ಖಾಲಿ, ಹಿಂದೆ ಬರುವ ಸಾಲೂ ಇಲ್ಲ. ನನಗೆ ಸಂಜೆಯೊಳಗೆ ವರದಿ ಕಳಿಸಬೇಕಿತ್ತು. “ಹಗಲಲ್ವಾ ಭಾವ, ಕುಂದಾಪುರಕ್ಕೆ ಹೋಗಿ ಹಾಕಿಸಿದರೆ ಆಗದಾ?” ಎಂದೆ. ಹೇಳಿದ ಮೇಲೆ, ಆ ಸಂಜೆ ಬಂದರಿನಲ್ಲಿ ನಕ್ಕ ನಗುವೇ ನನ್ನ ಬಾಯಿಂದ ಮತ್ತೆ ಬಂದಂತೆ ಕೇಳಿಸಿತು.

“ಅಂವ ಇಲ್ಲೆ ಅಂದ, ಭಾವಯ್ಯ” ಎಂದು ಭಾವ ಕೆಳಗಿಳಿದ.

ಬ್ರಹ್ಮಾವರದ ವೈರಿನ ಕೆಲಸದವನು ಊಟಕ್ಕೆ ಹೋಗಿದ್ದ. ಅವನು ಬರುವವರೆಗೆ ಮೂವರೂ ಲಾರಿಯ ಹಿಂದಿನ ಆ ಬೋಟಿನ ಕಬ್ಬಿಣದ ಮೇಲೆ ಕೂತು ಕಾದೆವು.