ಹೊಳೆದದ್ದೆಲ್ಲ ಹೊಳೆಯಲೇಬೇಕೆ?

"ಅಮ್ಮಾ, ದೊಡ್ಡಪ್ಪ ನನ್ನ ತಟ್ಟೆನ ಕಿಟಕಿ ಹತ್ರ ಹಿಡ್ಕೊಂಡು ಯಾಕೆ ಹಾಗೆ ನೋಡ್ತಿದಾರೆ? ಅದರಲ್ಲಿ ಊಟಾನೇ ಇಲ್ವಲ್ಲ!"

ಒಲೆ ಮುಂದಿದ್ದ ಅಮ್ಮ ತಿರುಗಿದಳು. ನಿಜ. ಅವಳ ಭಾವ, ಅಂದರೆ ಗಂಡನ ಅಣ್ಣ, ಬಾರುಗಳ ಒಳಗನ್ನು ಸಿಂಗರಿಸುವುದರಲ್ಲಿ ತಮ್ಮನ್ನು ಬಿಟ್ಟರಿಲ್ಲ ಎಂದುಕೊಂಡಿದ್ದ ಮಹಾನುಭಾವರು, ಮಗಳ ಸ್ಟೀಲ್ ತಟ್ಟೆಯನ್ನು ಅತ್ತಿತ್ತ ವಾಲಿಸುತ್ತ ಮೈಮರೆತಿದ್ದರು.

ಮನೆಮಂದಿ ಅವರಿಗಿಟ್ಟ ಹೆಸರು ಪಳಪಳ. ಅವರಿಗೆ ಏನು ಹೊಳೆದರೂ ಅದು ಹೊಳೆಯಲೇಬೇಕು. ಹೊಳೆಯದಿರುವಂಥದ್ದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಮೊದಲ ಕೆಲಸದಲ್ಲಿ ಒಂದು ಕಂಬಕ್ಕೆ ಮಿರುಗುವ ಸ್ಟೀಲ್ ತಗಡು ಸುತ್ತಿದರು. ಜನ ಮೆಚ್ಚಿದರು. ಮೆಚ್ಚಬಾರದಿತ್ತು. ಅಂದಿನಿಂದ ಕಂಬ, ಗೋಡೆ, ಸೀಲಿಂಗ್, ಕೊನೆಗೆ ಕಕ್ಕಸಿನ ಬಾಗಿಲು ಕೂಡ ಕನ್ನಡಿಯಾಯಿತು. ಊಟಕ್ಕೆ ಬಂದಲ್ಲೂ ಲೋಟ ಎತ್ತಿ ಹಿಡಿದು ತಮ್ಮನ ಹೆಂಡತಿಗೆ ಪಾಠ.

"ಏನಮ್ಮಾ, ಇದು ಪಾತ್ರೆ ತೊಳೆದಿರೋದೋ, ಚರ್ಮ ಸುಲಿದಿರೋದೋ? ಮುಖಾನೇ ಕಾಣ್ಸಲ್ಲ!"

"ಲೋಟ ಇರೋದು ನೀರು ಕುಡಿಯೋಕೆ ಭಾವಾ, ಮೀಸೆ ತಿದ್ದೋಕಲ್ಲ."

ಈಚೆಗೆ ಒಂದು ಹೊಸ ಬಾರು ಇವರ ಕೈಗೆ ಸಿಕ್ಕಿತು. ಕುಡಿಯಲು ಬರುವವನು ಬರುವುದೇ ಮನೆಯನ್ನು, ಸಾಹೇಬರನ್ನು, ಮುಖ್ಯವಾಗಿ ತನ್ನ ಮುಖವನ್ನು ಮರೆಯಲು. ನಮ್ಮ ಪಳಪಳ ಅವನಿಗೆ ಎದುರಿಗೊಂದು, ಪಕ್ಕಕ್ಕೆರಡು, ತಲೆ ಮೇಲೊಂದು ಮುಖ ದಯಪಾಲಿಸಿದರು. ತಲೆ ಮೇಲಿನದರಲ್ಲಿ ಬೋಳು ಉಚಿತ. ಒಬ್ಬ ಗಿರಾಕಿ, ಎದುರಿನವನು ತನ್ನನ್ನೇ ದುರುಗುಟ್ಟುತ್ತಾನೆಂದು ಜಗಳಕ್ಕೆ ನಿಂತ. ಎದುರಿನವನೂ ಅಷ್ಟೇ ಜೋರಾಗಿ ತೋಳೇರಿಸಿದ. ಇನ್ನೊಬ್ಬ ಮೊದಲ ಗುಟುಕಿಗೇ ತಾನು ನಾಲ್ಕು ಜನವಾಗಿರುವುದನ್ನು ಕಂಡು ಕುಡಿತವನ್ನೇ ಬಿಟ್ಟನಂತೆ. ಸಮಾಜಕ್ಕೆ ಇಷ್ಟು ಉಪಕಾರವನ್ನು ಯಾವ ಸಾಧುವೂ ಮಾಡಿರಲಾರ.

ಬಾರಿನ ಯಜಮಾನನಿಗೆ ಮಾತ್ರ ಸಮಾಜಸೇವೆಯ ಹಂಬಲವಿರಲಿಲ್ಲ. "ಹೊಳಪು ಬೇಕು ಸ್ವಾಮಿ, ಮುಖ ಬೇಡ. ಈ ವಾರದಲ್ಲಿ ಸರಿಮಾಡಿ. ಇಲ್ದಿದ್ರೆ ತಗಡೆಲ್ಲ ಕಿತ್ತು ನಿಮ್ಮ ಮನೆ ಬಾಗಿಲಿಗೇ ಸುರೀತೀನಿ. ಆಮೇಲೆ ಯಾವ ಬಾರಿನೋರು ನಿಮ್ಮನ್ನ ಕರೀತಾರೋ ನೋಡೋಣ."

ಮೀಸೆ ತಿರುವುತ್ತಿದ್ದ ಕೈ ತಲೆ ಮೇಲೆ ಹೋಯಿತು. ಪರದೆ ಇಳಿಬಿಟ್ಟರು, ಹೊಳಪೂ ಹೋಯಿತು. ದೀಪ ತಗ್ಗಿಸಿದರು, ಮುಖಗಳು ದೆವ್ವಗಳಾದವು. ಹುಟ್ಟಿದಾಗಿನಿಂದ ಮೊದಲ ಸಲ ಭಾವನವರಿಗೆ ಏನೂ ಹೊಳೆಯಲಿಲ್ಲ.

ಹಾಗೇ ಜೋಲುಮೋರೆ ಹಾಕಿಕೊಂಡು ಇವತ್ತು ಊಟಕ್ಕೆ ಬಂದವರ ಕೈಗೆ ಈ ತಟ್ಟೆ ಸಿಕ್ಕಿತ್ತು. ಉಜ್ಜಿ ಉಜ್ಜಿ ಮೈತುಂಬ ಸಣ್ಣ ಗೀರು. ಕಿಟಕಿಯ ಬೆಳಕು ಅದರ ಮೇಲೆ ಹಾಲು ಚೆಲ್ಲಿದ ಹಾಗೆ ಹರಡಿತ್ತು. ಆದರೆ ಆ ಬೆಳಕಿನಲ್ಲಿ ಎಷ್ಟು ಹುಡುಕಿದರೂ ಮೀಸೆ ಇರಲಿಲ್ಲ.

ಅಮ್ಮನಿಗೆ ನಗು ಉಕ್ಕಿತು. ಭಾವನ ಮೋರೆ ಕಂಡು ನುಂಗಿಕೊಂಡಳು.

"ಭಾವಾ, ತಟ್ಟೆ ಕೊಟ್ರೆ ಬಡಿಸ್ತೀನಿ. ಮಗು ಹಸ್ಕೊಂಡಿದೆ."

ಭಾವ ತಟ್ಟೆ ಕೊಡಲಿಲ್ಲ. ಒಳಗೆ ತಮ್ಮ ಇದ್ದಾನೋ ಎಂದು ಇಣುಕಿ, ದನಿ ತಗ್ಗಿಸಿದರು.

"ನೋಡಮ್ಮಾ... ನಾಳೆ ಬೆಳಿಗ್ಗೆ ಸ್ವಲ್ಪ ಬಾರಿಗೆ ಬರ್ತೀಯಾ? ನಿನ್ನ ಪಾತ್ರೆ ಉಜ್ಜೋ ಸ್ಕ್ರಬ್ಬರ್ ತಗೊಂಡು ಬಾ. ಒಂದೇ ಒಂದು ಗೋಡೇನ ನಿನ್ನ ಕೈಯಾರೆ ಚರ್ಮ ಸುಲಿದು ತೋರಿಸು, ಮಿಕ್ಕಿದ್ದು ನಾನು ನೋಡ್ಕೋತೀನಿ. ನಿನ್ನ ಗಂಡನಿಗೆ ಮಾತ್ರ ಹೇಳ್ಬೇಡ."