ಪಂಕ್ಚರ್ ಅಂಗಡಿಯಲ್ಲಿ ಟೇಬಲ್ ಟೆನಿಸ್ ಬ್ಯಾಟು

ಬೆಳಗಿನ ಆರು ಗಂಟೆ. ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರಿನ ಸೈಕಲ್ ಶಾಪಿನ ಮುಂದೆ ಅಶ್ವತ್ಥಮ್ಮ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಮಾವಿನ ಲಾರಿಗಳು ಹೊರಟರೆ ಧೂಳೇಳುತ್ತದೆ. ಅಷ್ಟರೊಳಗೆ ಅಂಟಿಸುವ ಕೆಲಸ ಮುಗಿಯಬೇಕು. ಕೈಯಲ್ಲಿರುವುದು ಪಂಕ್ಚರ್ ಹಾಕುವ ಸೊಲ್ಯೂಷನ್ನೇ. ಮೊಣಕಾಲ ಮೇಲಿರುವುದು ಮಾತ್ರ ಟ್ಯೂಬಲ್ಲ, ಟೇಬಲ್ ಟೆನಿಸ್ ಬ್ಯಾಟಿನ ಬರಿ ಮರ. ಆಟಗಾರರು ಅದನ್ನು ಬ್ಲೇಡ್ ಎನ್ನುತ್ತಾರೆ. ಮರಕ್ಕೂ ರಬ್ಬರಿಗೂ ಸೊಲ್ಯೂಷನ್ ಸವರಿ, ಒಣಗಲು ಬಿಟ್ಟು, ಒಂದರ ಮೇಲೊಂದು ಕೂರಿಸಿ, ಸೈಕಲ್ ಪಂಪಿನ ಕೊಳವೆಯನ್ನು ಲಟ್ಟಣಿಗೆಯಂತೆ ಉರುಳಿಸುತ್ತಾರೆ.

"ಒಂದ್ ಕಾಳು ಮರಳು ಸೇರ್ಕೊಂಡ್ರೂ ಅಲ್ಲಿ ಚೆಂಡು ಸತ್ತೋಗ್ತದೆ ಸಾರ್" ಎಂದು ಪತ್ರಿಕೆಯ ಲೇಖನಕ್ಕಾಗಿ ಬಂದಿರುವ ನನಗೆ ಹೇಳುತ್ತಾರೆ, ತಲೆ ಎತ್ತದೆ.

ಮುಳಬಾಗಿಲ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ಪೆದ್ದಪ್ಪ ಸೈಕಲ್ ಬಾಡಿಗೆ ನೋಡಿಕೊಳ್ಳುತ್ತಾರೆ, ಪಂಕ್ಚರ್ ಇವರದು. ಹೆಂಗಸು ಟ್ಯೂಬು ಬಿಚ್ಚುವುದನ್ನು ನೋಡಲೆಂದೇ ಬೀದಿಯಲ್ಲಿ ನಿಲ್ಲುತ್ತಿದ್ದವರು ಈಗ ತಮ್ಮ ಸೈಕಲ್ಲನ್ನೂ ತರುತ್ತಾರೆ. ಹನ್ನೆರಡು ವರ್ಷದ ಹಿಂದೆ, ಪಕ್ಕದ ಅಧಿಕಾರಿಗಳ ಕ್ಲಬ್ಬಿನ ಕಾವಲುಗಾರ ಗಂಗುಲಪ್ಪ ರಬ್ಬರು ಕಿತ್ತುಬಂದ ಬ್ಯಾಟೊಂದನ್ನು ತಂದುಕೊಟ್ಟ. ಅಲ್ಲಿಂದ ಶುರು. ವರ್ಗವಾಗಿ ಹೋಗುವ ಅಧಿಕಾರಿಗಳೆಲ್ಲ ಹಳೇ ಬ್ಯಾಟು ಇವರ ಅಂಗಡಿಯಲ್ಲೇ ಬಿಟ್ಟುಹೋದರು. ನಮ್ಮಲ್ಲಿ ವರ್ಗಾವಣೆಗೇನು ಬರವೇ? ರಬ್ಬರು ಬಿಡಿಸಿ, ಇದರದನ್ನು ಅದಕ್ಕೆ, ಅದರದನ್ನು ಇದಕ್ಕೆ ಹಾಕಿ ನೋಡುತ್ತಲೇ ಅಶ್ವತ್ಥಮ್ಮ ಕಲಿತರು.

ಎಡವಿದ್ದೂ ಉಂಟು. ಗುಮಾಸ್ತರೊಬ್ಬರ ಗಟ್ಟಿ ಬ್ಲೇಡಿಗೆ ಎರಡೂ ಕಡೆ ದಪ್ಪ ಸ್ಪಂಜಿನ ರಬ್ಬರು ಬಡಿದುಕೊಟ್ಟರು. ಚೆಂಡು ಮೇಜಿಗೆ ಬೀಳುವುದನ್ನೇ ಮರೆಯಿತು.

"ಮರ ಓಡೋದಾದ್ರೆ ರಬ್ಬರ್ ತಡೀಬೇಕು. ರಬ್ಬರ್ ಓಡೋದಾದ್ರೆ ಮರ ತಡೀಬೇಕು. ಎರಡೂ ಓಡಿದ್ರೆ ಆಡೋರು ಅದರ ಹಿಂದೆ ಓಡ್ಬೇಕಾಗ್ತದೆ" ಎಂದು ನಗುತ್ತಾರೆ.

"ಏಮೇ, ಇದಿ ಕ್ಲಬ್ಬಾ, ಸೈಕಲ್ ಶಾಪಾ?" ಒಳಗಿನಿಂದ ತೆಲುಗಿನಲ್ಲಿ ಪೆದ್ದಪ್ಪನ ದನಿ. ಗದರಿಕೆ ಬಾಯಲ್ಲಿ ಮಾತ್ರ. ಒಣಗಲು ಇಟ್ಟ ರಬ್ಬರಿನ ಮೇಲೆ ನೊಣ ಕೂರದಂತೆ ಬೀಸಣಿಗೆ ಹಿಡಿಯುವವರು ಅವರೇ.

ಇವತ್ತು ಮೊಣಕಾಲ ಮೇಲಿರುವ ಬ್ಯಾಟು ಭಾರತಮ್ಮನದು. ಊರಾಚೆ ಹಿಪ್ಪುನೇರಳೆ ಬೆಳೆಯುವ ಶ್ರೀರಾಮಪ್ಪನವರ ಮಗಳು, ಪಿಯುಸಿ ಓದುತ್ತಿದ್ದಾಳೆ. ಮುಂದಿನ ಭಾನುವಾರ ಕೋಲಾರದಲ್ಲಿರುವ ಆಯ್ಕೆ ಪಂದ್ಯದಲ್ಲಿ ಗೆದ್ದರೆ ಜಿಲ್ಲಾ ತಂಡ, ಅದರಿಂದ ಕ್ರೀಡಾ ಕೋಟಾದಲ್ಲಿ ಡಿಗ್ರಿ ಕಾಲೇಜು ಸೀಟು. ಸೋತರೆ ಓದು ಇಲ್ಲಿಗೇ ನಿಲ್ಲುತ್ತದೆ. ಇಷ್ಟು ದಿನ ಅವಳ ಬ್ಯಾಟಿನ ಒಂದು ಬದಿ ನುಣುಪು, ಇನ್ನೊಂದು ಬದಿ ಗುಳ್ಳೆಗುಳ್ಳೆಯ ಪಿಂಪಲ್ ರಬ್ಬರು, ಎರಡೂ ಕಪ್ಪು. ಒಂದೊಂದು ಬದಿಯಿಂದ ಚೆಂಡು ಒಂದೊಂದು ಥರ ತಿರುಗಿ ಹೋಗುತ್ತದೆ. ಆಡುತ್ತಾ ಬ್ಯಾಟು ತಿರುಗಿಸಿಬಿಟ್ಟರೆ ಎದುರಿನವಳಿಗೆ ಯಾವ ಬದಿಯೆಂದು ತಿಳಿಯುತ್ತಿರಲಿಲ್ಲ. ಈ ವರ್ಷ, ೧೯೮೬ರಲ್ಲಿ, ಹೊಸ ನಿಯಮ ಬಂತು: ಒಂದು ಬದಿ ಕೆಂಪು, ಇನ್ನೊಂದು ಕಪ್ಪು. ಹುಡುಗಿಯ ಗುಟ್ಟು ಬಯಲಾಯಿತು.

ಗಾಬರಿಬಿದ್ದ ಭಾರತಮ್ಮ ಬೆಂಗಳೂರಿನಿಂದ ದಪ್ಪ ಸ್ಪಂಜಿನ ಕೆಂಪು ರಬ್ಬರು ತರಿಸಿದ್ದಾಳೆ. ಇನ್ನು ಹೊಡೆದೇ ಗೆಲ್ಲುತ್ತಾಳಂತೆ. ಅಶ್ವತ್ಥಮ್ಮ ಅದನ್ನು ಮುಟ್ಟಲೇ ಇಲ್ಲ. ಹಳೇ ಬ್ಲೇಡೇ ಇರಲಿ, ಕಪ್ಪು ಪಿಂಪಲ್ಲೂ ಇರಲಿ ಎಂದು, ನುಣುಪು ಬದಿಗೆ ತಮ್ಮ ಹಳೇ ದಾಸ್ತಾನಿನ ತೆಳು ಕೆಂಪು ರಬ್ಬರು ಕೂರಿಸುತ್ತಿದ್ದಾರೆ. ಅಷ್ಟರಲ್ಲಿ ಹುಡುಗಿ ಬರುತ್ತಾಳೆ, ನೋಡುತ್ತಾಳೆ, ಉರಿದುಬೀಳುತ್ತಾಳೆ.

"ಇದ್ರಲ್ಲಿ ಹೊಡುದ್ರೆ ಸೊಳ್ಳೆನೂ ಸಾಯಲ್ಲ ಅಕ್ಕಾ!"

"ನೀನು ಹೊಡ್ಯೋಳಲ್ಲ ಕಣೇ, ಕಾಯೋಳು. ನಿನ್ ಕೈಗೆ ಚೆಂಡು ನಿಲ್ಬೇಕು."

"ಯಾವ ಕಡೆ ತಿರುಗ್ಸುದ್ರೂ ಕಾಣ್ತದಲ್ಲ!"

"ಕಾಣ್ಲಿ ಬಿಡು. ಕಂಡೋರೆಲ್ಲಾ ವಾಪಸ್ ಹೊಡೀತಾರಾ?"

ಹುಡುಗಿ ಬ್ಯಾಟು ಕಿತ್ತುಕೊಂಡು ಹೋಗುತ್ತಾಳೆ. ಅಶ್ವತ್ಥಮ್ಮನ ಮುಖ ಸಪ್ಪಗಾಗುತ್ತದೆ. "ಸೋತ್ಲು ಅಂದ್ರೆ ನನ್ನಿಂದಾನೇ ಸೋತಂಗೆ ಸಾರ್. ಅವ್ರಪ್ಪನ ಮುಖ ಹೆಂಗ್ ನೋಡ್ಲಿ?"

ಆ ಭಾನುವಾರ ಸಂಜೆ ಮತ್ತೆ ಅಂಗಡಿಯಲ್ಲಿದ್ದೇನೆ. ಲೇಖನಕ್ಕೆಂದು ಸುಳ್ಳು ಹೇಳಲಾರೆ, ತಡೆಯಲಾರದೆ ಬಂದೆ. ಕೋಲಾರದ ಬಸ್ಸು ನಿಲ್ಲುತ್ತದೆ. ಭಾರತಮ್ಮ ಇಳಿದು ಮನೆಯ ದಾರಿ ಹಿಡಿಯದೆ ನೇರ ಅಂಗಡಿಗೇ ಬಂದು ಬ್ಯಾಟನ್ನು ಅಶ್ವತ್ಥಮ್ಮನ ಮಡಿಲಲ್ಲಿ ಇಡುತ್ತಾಳೆ.

"ಅಂಚು ಕಿತ್ತಿದೆ ಅಕ್ಕಾ. ಸ್ಟೇಟ್ ಮ್ಯಾಚಿಗೆ ಮೈಸೂರಿಗೆ ಹೋಗೋ ಮುಂಚೆ ಅಂಟಿಸ್ಕೊಡು. ಜಿಲ್ಲಾ ಟೀಮು."

ಅಶ್ವತ್ಥಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನನ್ನ ಕಣ್ಣೂ ತೇವವಾಯಿತೆಂದು ಬರೆದರೆ ತಪ್ಪೇನಿಲ್ಲ. ಪೆದ್ದಪ್ಪ ಟೀ ತರಲು ಓಡುತ್ತಾರೆ.

"ನೀನೂ ಬಾ ಅಕ್ಕಾ ಮೈಸೂರಿಗೆ" ಎನ್ನುತ್ತಾಳೆ ಹುಡುಗಿ. ಇಷ್ಟು ಬ್ಯಾಟು ಕಟ್ಟಿದ ಈ ಹೆಂಗಸು ಅಂಗಡಿ ಬಿಟ್ಟು ಒಂದು ಪಂದ್ಯವನ್ನೂ ಕೂತು ನೋಡಿದವರಲ್ಲ.

"ಬರ್ತೀನಿ ಕಣೇ. ಆದ್ರೆ ನಿನ್ ಕಡೆ ಕೂತ್ಕೊಳಲ್ಲ, ಎದುರ್ನೋಳ ಹಿಂದೆ ಕೂತ್ಕೊತೀನಿ. ನಾನ್ ಹಾಕಿದ್ ರಬ್ಬರ್‌ನಿಂದ ಚೆಂಡು ಹೆಂಗ್ ಬರ್ತದೆ ಅಂತ ಅಲ್ಲಿಂದ ನೋಡ್ಬೇಕು."