ನಾನೇ ಕಳಿಸಿದ್ದು

ದೊಡ್ಡ ಮನುಷ್ಯರ ಎದುರು ಮಾತಾಡಲು ಎದ್ದರೆ ನಮ್ಮ ಶಾಲೆಯ ಹಿರಿಯ ಟೀಚರಮ್ಮನ ಕತ್ತಿನ ಮೇಲೆ ಕೆಂಪು ಗಂಧೆಗಳು ಎದ್ದು, ನೋಡನೋಡುತ್ತಿದ್ದಂತೆ ಕಿವಿಯವರೆಗೂ ಹಬ್ಬುತ್ತಿದ್ದವು. ಸೆರಗನ್ನು ಕೊರಳಿಗೆ ಸುತ್ತಿ ಮುಚ್ಚಿಕೊಳ್ಳುತ್ತಿದ್ದರು. ಅದೇ ಹೆಂಗಸು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರೆ ಚಾಮರಾಜಪೇಟೆಯ ಶಾಲೆಯ ಬೀದಿಯಲ್ಲಿ ಹೋಗುವ ಜಟಕಾದವನಿಗೂ ಕೇಳಿಸುತ್ತಿತ್ತು.

ನಾವು ಅವರನ್ನು ದೊಡ್ಡ ಮಿಸ್ ಎನ್ನುತ್ತಿದ್ದೆವು. ಸ್ವಾತಂತ್ರ್ಯ ಬಂದ ಮರುವರ್ಷ ನಾನು ಆ ಶಾಲೆಗೆ ಪಾಠ ಹೇಳಲು ಸೇರಿದಾಗ ಹತ್ತೊಂಬತ್ತರ ಹುಡುಗಿ. ಮೊದಲ ದಿನವೇ ಬಾಯಿ ಒಣಗಿ, ಕ್ಲಾಸಿನಿಂದ ಹೊರಗೆ ಬಂದು ಅತ್ತೆ.

"ಹೆದರಿಕೆ ಹೋಗಲ್ಲ ಕಣೆ. ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಪಾಠ ಶುರು ಮಾಡ್ಬೇಕು," ಎಂದು ನೀರು ಕೊಟ್ಟರು. ಆಮೇಲೆ ಒಂದು ವಾರ ಬಿಡುವಾದಾಗಲೆಲ್ಲ ಹಿಂದಿನ ಸಾಲಿನಲ್ಲಿ ಮಕ್ಕಳ ನಡುವೆ ಕೂತು ನನ್ನ ಪಾಠ ಕೇಳಿದರು.

ಆ ವರ್ಷದ ಶಾರದಾ ಪೂಜೆಗೆ ಹೂವು ಸಾಲಲಿಲ್ಲ. ಗೇಟಿನ ಹತ್ತಿರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾಳನ್ನು ದೊಡ್ಡ ಮಿಸ್ ಮಾರುಕಟ್ಟೆಗೆ ಹೊರಡಿಸಿದರು. ನಾನು ಪಕ್ಕದಲ್ಲೇ ಇದ್ದೆ.

"ಮಕ್ಳನ್ನ ಬಿಟ್ಟು ಹೆಂಗೋಗ್ಲಿ ಅಮ್ಮಾವ್ರೇ?"

"ನಾವಿದೀವಿ, ಹೋಗ್ಬಾ."

ಅವಳು ಬರುವುದರೊಳಗೆ ಶಾಲೆಯ ಕಮಿಟಿ ಅಧ್ಯಕ್ಷರ ಮೊಮ್ಮಗಳು ಗೇಟು ಹತ್ತಿ ಬಿದ್ದು ಕೈ ಮುರಿದುಕೊಂಡಳು.

ಮರುದಿನ ಕಮಿಟಿ ಕೂಡಿತು. "ಯಾರನ್ನ ಕೇಳಿ ಹೊರಗೆ ಹೋದೆ?" ಎಂದು ಅಧ್ಯಕ್ಷರು ಗದರಿದರು. ಆಯಾ ತಲೆ ತಗ್ಗಿಸಿ ನಿಂತಳೇ ಹೊರತು ಯಾರ ಹೆಸರೂ ಹೇಳಲಿಲ್ಲ. ದೊಡ್ಡ ಮಿಸ್ ಎದ್ದರು. 'ನಾನೇ ಕಳಿಸಿದ್ದು.' ಹೇಳಬೇಕಾಗಿದ್ದದ್ದು ಎರಡೇ ಮಾತು. ಕತ್ತು ಕೆಂಪೇರಿತು, ತುಟಿ ಅಲುಗಿತು, ದನಿ ಬರಲಿಲ್ಲ. "ಏನಮ್ಮಾ?" ಎಂದು ಅಧ್ಯಕ್ಷರು ಕೇಳಿದ್ದೇ ತಡ, ಕೂತುಬಿಟ್ಟರು. ಆಯಾಳ ಹನ್ನೆರಡು ವರ್ಷದ ಕೆಲಸ ಅವತ್ತೇ ಹೋಯಿತು.

ಆಮೇಲೆ ದೊಡ್ಡ ಮಿಸ್ ಎಲ್ಲವನ್ನೂ ಬರೆದು ಕಮಿಟಿಗೆ ಕಳಿಸಿದರು. 'ಹೇಳುವುದಿದ್ದರೆ ಬಂದು ಹೇಳಲಿ' ಎಂಬ ಉತ್ತರದೊಂದಿಗೆ ಕಾಗದ ಹಿಂದಿರುಗಿತು.

ಅಂದಿನಿಂದ ಸಂಜೆಯ ಹೊತ್ತು ಬಸವನಗುಡಿಯ ಕಹಳೆಬಂಡೆ ಗುಡ್ಡ ಹತ್ತಿ, ನನ್ನನ್ನು ಎದುರಿಗೆ ಕೂರಿಸಿ, "ನಾನೇ ಕಳಿಸಿದ್ದು ಸ್ವಾಮಿ, ಅವಳದೇನೂ ತಪ್ಪಿಲ್ಲ," ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಅಲ್ಲಿ ಒಮ್ಮೆಯೂ ತಡವರಿಸಲಿಲ್ಲ. ಕಮಿಟಿಯ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸು ಬಂದರು. ವರ್ಷ ಕಳೆದ ಮೇಲೆ, ಮೂರನೆಯ ಸಲ, ಒಳಗೆ ಹೋದರು. ದನಿ ನಡುಗಿತು. ಆದರೂ ಪೂರ್ತಿ ಹೇಳಿದರು.

"ಈಗ್ಯಾಕಮ್ಮ ಅದೆಲ್ಲ?" ಎಂದರು ಅಧ್ಯಕ್ಷರು. "ಮಗು ಕೈ ಸರಿಹೋಯ್ತು. ಹೊಸ ಆಯಾನೂ ಬಂದಾಯ್ತು. ಹೋಗಿ ಪಾಠ ಮಾಡಿ."

ಹಳೆಯ ಆಯಾ ಇದ್ದ ವಠಾರಕ್ಕೆ ನಾವಿಬ್ಬರೂ ಹೋದೆವು. ಕೋಣೆಯಲ್ಲಿ ಬೇರೆ ಯಾರೋ ಇದ್ದರು. "ಯಾವೂರಿಗ್ ಹೋದ್ಲೋ ಗೊತ್ತಿಲ್ಲ ಕಣ್ರಮ್ಮ, ಹೇಳ್ದೇನೇ ಹೋದ್ಲು," ಎಂದಳು ನೆರೆಯವಳು. ದೊಡ್ಡ ಮಿಸ್ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕತ್ತಲಾಗುವವರೆಗೂ ಏಳಲಿಲ್ಲ.

ಆಮೇಲೆ ಕ್ಲಾಸಿನಲ್ಲೂ ಅವರ ದನಿ ಇಳಿದುಹೋಯಿತು. ಐದಾರು ವರ್ಷ ಹಾಗೇ ಪಾಠ ಮಾಡಿ, ಎದೆನೋವಿನಿಂದ ತೀರಿಕೊಂಡರು.

ನಾನು ಮೂವತ್ತು ವರ್ಷ ಪಾಠ ಮಾಡಿದೆ, ಸಭೆಗಳಲ್ಲೂ ಮಾತಾಡಿದೆ. ಅದೆಲ್ಲ ಅವರು ಕೊಟ್ಟದ್ದು. ಆಯಾಳ ಕೆಲಸ ಹೋದ ದಿನ ಕಮಿಟಿಯ ಎದುರು ನಾನೂ ಕೂತಿದ್ದೆ, ನಡೆದದ್ದು ನನಗೂ ಗೊತ್ತಿತ್ತು. ನೀನ್ಯಾಕೆ ಹೇಳಲಿಲ್ಲ ಎಂದು ಅವರು ಒಂದು ದಿನವೂ ನನ್ನನ್ನು ಕೇಳಲಿಲ್ಲ.